ಮೂರು ಮೂಲೆಯ ಕರಜಿಕಾಯಿ

ಪಾಕಶಾಸ್ತ್ರದ ವಿಷಯದಲ್ಲಿ ಲೇಖನಿ ಹಿಡಿಯುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರಿಂದ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿದ ನಾವು ಅಡಿಗೆಯ ಮನೆಯನ್ನು ಹೊಗುತ್ತಿದ್ದುದು ನೀರು ಕುಡಿಯುವುದಕ್ಕೆ ಮಾತ್ರ. ಒಲೆಯ ಮೇಲೆ ಹಾಲು ಉಕ್ಕಿದರೆ ಅದನ್ನು ಇಳಿಸುವುದಕ್ಕೂ ಮನೆಯಾಕೆಯನ್ನೇ ಕೂಗುತ್ತಿದ್ದೆವು. ಹೀಗಿರಲಾಗಿ, ಅರುವತ್ತರ ಹೊಸ್ತಿಲಲ್ಲಿ ನಿಂತು, ಪರದೇಶದಲ್ಲಿ, ಪರಮತದವರ ಅಡಿಗೆಮನೆಯಲ್ಲಿ ಕೈಗೆ ಹಿಟ್ಟು ಮೆತ್ತಿಕೊಂಡು, ಯೆಹೂದ್ಯರ ಹಬ್ಬದ ತಿಂಡಿಯೊಂದನ್ನು ಮಾಡಲು ಕಲಿತೆವೆಂದರೆ ನಮ್ಮನ್ನು ಬಲ್ಲವರು ನಂಬಲಾರರು. ಆ ಸಂಗತಿಯನ್ನೂ, ಅದರ ನಡುವೆ ನೆನಪಿಗೆ ಬಂದ ನಮ್ಮ ಹಳೆಯ ತಪ್ಪೊಂದನ್ನೂ ಗೃಹಸ್ಥರಾದ ಓದುಗರ ಮುಂದೆ ಇಡಬೇಕೆಂದಿದ್ದೇವೆ.

ನಮ್ಮ ಮಗಳು ಅಮೆರಿಕೆಯ ನ್ಯೂಜೆರ್ಸಿ ಸಂಸ್ಥಾನದಲ್ಲಿ, ರಾರಿಟನ್ ನದಿಯ ದಂಡೆಯ ಹೈಲೆಂಡ್ ಪಾರ್ಕ್ ಎಂಬ ಸಣ್ಣ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ೨೦೨೫ನೆಯ ಇಸವಿಯ ಜನವರಿಯಲ್ಲಿ ನಾವು ದಂಪತಿಗಳು ಆಕೆಯ ಮನೆಗೆ ಹೋದೆವು. ಪಕ್ಕದ ಎಡಿಸನ್ ಪಟ್ಟಣದಲ್ಲಿ ನಮ್ಮ ದೇಶದವರು ಹೇರಳವಾಗಿದ್ದಾರೆ. ಹೈಲೆಂಡ್ ಪಾರ್ಕಿನಲ್ಲಿ ಆಚಾರನಿಷ್ಠರಾದ ಯೆಹೂದ್ಯರ ಮನೆಗಳು ಬಹಳ. ಶನಿವಾರ ಅವರಿಗೆ ವಿಶ್ರಾಂತಿಯ ದಿನ. ಅಂದು ಅವರು ವಾಹನವನ್ನು ಏರುವುದಿಲ್ಲ, ಬೆಂಕಿಯನ್ನು ಹೊತ್ತಿಸುವುದಿಲ್ಲ; ಮಕ್ಕಳೆನ್ನದೆ ಮುದುಕರೆನ್ನದೆ ಹಿಮದಲ್ಲಿಯೂ ಕಾಲ್ನಡೆಯಿಂದಲೇ ಪ್ರಾರ್ಥನಾಮಂದಿರಕ್ಕೆ ಹೋಗುತ್ತಾರೆ. ಏಕಾದಶಿಯಂದು ತೊಟ್ಟು ನೀರನ್ನೂ ಮುಟ್ಟದ ತಾಯಿಯ ಮಗನಾಗಿ ಬೆಳೆದ ನಮಗೆ ಇದು ಹೊಸ ನೋಟವಾದರೂ ಪರಕೀಯವೆಂದು ತೋರಲಿಲ್ಲ.

ಮಗಳ ಮನೆಯ ಗೋಡೆಗೆ ಗೋಡೆ ಹೊಂದಿದ ಮನೆಯಲ್ಲಿ ಎಂಬತ್ತು ದಾಟಿದ ಯೆಹೂದ್ಯ ಅಮ್ಮನವರೊಬ್ಬರು ಇದ್ದರು. ಪತಿ ತೀರಿಕೊಂಡಿದ್ದರು, ಮಕ್ಕಳು ದೂರದ ಊರುಗಳಲ್ಲಿದ್ದರು. ಅವರೂ ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳಿದವರೇ. ನಾವು ಹೋದ ಕೆಲವು ದಿನಗಳಲ್ಲಿಯೇ ಸಂಕ್ರಾಂತಿ ಬಂದಿತು. ಎಲ್ಲಿದ್ದರೂ ಎಳ್ಳು ಬೀರಬೇಕಷ್ಟೆ. ಮನೆಯಾಕೆ ಎಳ್ಳುಬೆಲ್ಲವನ್ನು ಕಲಸಿ, ಜೊತೆಗೆ ಕರಜಿಕಾಯಿಯನ್ನೂ ಕರಿದು, ಒಂದು ತಟ್ಟೆಯಲ್ಲಿ ಅವೆರಡನ್ನೂ ಎರಡು ಬಾಳೆಯ ಹಣ್ಣನ್ನೂ ಇಟ್ಟು ನಮ್ಮ ಕೈಗೆ ಕೊಟ್ಟಳು. ಆಕೆಗೆ ಇಂಗ್ಲಿಷು ಬಾರದಾದುದರಿಂದ ದೂತಕಾರ್ಯ ನಮ್ಮ ಪಾಲಿಗೆ ಬಂದಿತು.

ಅಮ್ಮನವರು ಬಾಗಿಲು ತೆರೆದು, ಹಬ್ಬದ ವಿಷಯವನ್ನು ಸಂತೋಷದಿಂದ ಕೇಳಿ, ತಟ್ಟೆಯಿಂದ ಬಾಳೆಯ ಹಣ್ಣುಗಳನ್ನು ಮಾತ್ರ ತೆಗೆದುಕೊಂಡರು. ಬಳಿಕ, “ಇದನ್ನು ಮಾಡಿದ ಕೈ ಒಳ್ಳೆಯ ಕೈಯೆಂದು ನೋಡಿದರೇ ತಿಳಿಯುತ್ತದೆ. ಆದರೆ ಬೇರೆಯ ಅಡಿಗೆಮನೆಯಲ್ಲಿ ಬೆಂದದ್ದನ್ನು ನಾನು ತಿನ್ನುವ ಹಾಗಿಲ್ಲ. ತೆಗೆದುಕೊಂಡು ಆಮೇಲೆ ಬಿಸಾಡಿದರೆ ನಿಮಗೆ ಮೋಸ ಮಾಡಿದಂತೆ, ಅದಕ್ಕಾಗಿ ಹೇಳಿಬಿಟ್ಟೆ” ಎಂದು ತಟ್ಟೆಯನ್ನು ಎರಡು ಕೈಯಿಂದಲೂ ಹಿಂದಕ್ಕೆ ಕೊಟ್ಟರು.

ನಮಗೆ ಮುಖಭಂಗವಾಯಿತೆಂಬುದನ್ನು ಮರೆಮಾಚುವುದಿಲ್ಲ. ನಾವು ಕೊಟ್ಟ ಭಕ್ಷ್ಯವನ್ನು ಅಶುದ್ಧವೆಂದು ತಿಳಿಯುವವರೂ ಉಂಟೇ! ಮನೆಗೆ ಬಂದು ಸಿಡಿಮಿಡಿಗೊಂಡೆವು. ಮಗಳು ನಕ್ಕು, “ಅಪ್ಪಾ, ಅಜ್ಜಿ ಊರಿನಲ್ಲಿ ಯಾರ ಮನೆಯಲ್ಲಿ ನೀರು ಕುಡಿಯುತ್ತಿದ್ದರು, ಹೇಳಿ?” ಎಂದಳು. ನಮ್ಮ ತಾಯಿಯವರು ಯಾರ ಮನೆಯಲ್ಲಿಯೂ ಕುಡಿಯುತ್ತಿರಲಿಲ್ಲ. ಉತ್ತರ ಹೇಳುವಂತಿರಲಿಲ್ಲ.

ಯೆಹೂದ್ಯರ ಈ ಆಹಾರನಿಯಮಕ್ಕೆ ‘ಕಶ್ರುತ್’ ಎಂದು ಹೆಸರು. ನಿಯಮಕ್ಕೆ ಒಪ್ಪುವ ಆಹಾರ ‘ಕೋಷರ್’. ಅದರಲ್ಲಿ ಮುಖ್ಯವಾದುದು ಹಾಲನ್ನೂ ಮಾಂಸವನ್ನೂ ಬೆರಸಬಾರದೆಂಬುದು. ಬೆರಸದಿರುವುದಷ್ಟೇ ಅಲ್ಲ, ಎರಡಕ್ಕೂ ಪಾತ್ರೆ, ಸೌಟು, ತಟ್ಟೆಗಳೆಲ್ಲವೂ ಬೇರೆಯಾಗಿರಬೇಕು. ಅಂಗಡಿಯಿಂದ ತರುವ ಪೊಟ್ಟಣದ ಮೇಲೆ ಅವರ ಧರ್ಮಶಾಸ್ತ್ರಜ್ಞರು ಪರೀಕ್ಷಿಸಿ ಒಪ್ಪಿದುದರ ಮುದ್ರೆಯಿರಬೇಕು. ವೃತ್ತದ ಒಳಗೆ ಇಂಗ್ಲಿಷಿನ ಯು ಅಕ್ಷರವನ್ನು ಬರೆದಿರುವ ಮುದ್ರೆಯೊಂದು ಅಲ್ಲಿ ಬಹಳ ಬಳಕೆಯಲ್ಲಿದೆ. ಹಸಿಯ ಹಣ್ಣಿಗೆ ಈ ಮುದ್ರೆ ಬೇಕಿಲ್ಲ. ಬಾಳೆಯ ಹಣ್ಣು ಒಳಕ್ಕೆ ಹೋಗಿ ಕರಜಿಕಾಯಿ ಹೊರಗುಳಿದುದರ ಮರ್ಮವು ಇದು.

ಮಾರ್ಚಿಯ ಮೊದಲ ವಾರದಲ್ಲಿ ಅಮ್ಮನವರೇ ನಮ್ಮ ಬಾಗಿಲಿಗೆ ಬಂದರು. ಅವರ ಪೂರಿಮ್ ಹಬ್ಬ ಸಮೀಪಿಸಿದ್ದಿತು. “ನಿಮ್ಮ ಮನೆಯಲ್ಲಿ ಮಾಡಿದ್ದನ್ನು ನಾನು ತಿನ್ನಲಾರೆ. ಆದರೆ ನೀವು ನಮ್ಮ ಮನೆಗೆ ಬಂದು ಮಾಡಿದರೆ ತಿನ್ನಬಹುದಲ್ಲ? ನನ್ನ ಬೆರಳುಗಳು ಈಗ ಬಾಗುವುದಿಲ್ಲ. ಹಬ್ಬದ ತಿಂಡಿಗೆ ಕೈ ಕೊಡುತ್ತೀರಾ?” ಎಂದು ಕೇಳಿದರು. ನಾವು ಇದನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಮನೆಯಾಕೆ ಸೆರಗನ್ನು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು.

ಪೂರಿಮ್ ಹಬ್ಬದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಯೆಹೂದ್ಯರ ಪವಿತ್ರಗ್ರಂಥದಲ್ಲಿ ಎಸ್ತೇರಳ ಚರಿತ್ರೆಯೆಂಬ ಭಾಗವೊಂದಿದೆ. ಪಾರಸಿಕ ಚಕ್ರವರ್ತಿಯ ಮಂತ್ರಿಯಾದ ಹಾಮಾನನು ರಾಜ್ಯದಲ್ಲಿದ್ದ ಯೆಹೂದ್ಯರೆಲ್ಲರನ್ನೂ ಒಂದೇ ದಿನದಲ್ಲಿ ಕೊಲ್ಲಿಸಲು ಚೀಟಿಯೆತ್ತಿ ದಿನವನ್ನು ಗೊತ್ತುಮಾಡಿದನು. ‘ಪೂರ್’ ಎಂದರೆ ಆ ಚೀಟಿ. ತಾನು ಯೆಹೂದ್ಯಳೆಂಬುದನ್ನು ಮರೆಸಿಕೊಂಡಿದ್ದ ರಾಣಿ ಎಸ್ತೇರಳು ಪ್ರಾಣಭಯವನ್ನು ತೊರೆದು ರಾಜನ ಮುಂದೆ ನಿಜವನ್ನು ಹೇಳಿ ತನ್ನ ಜನರನ್ನು ಉಳಿಸಿದಳು. ಆ ಚಕ್ರವರ್ತಿಯ ರಾಜ್ಯ ‘ಹೋದ್ದು’ವಿನಿಂದ ‘ಕೂಷ್’ವರೆಗೆ ೧೨೭ ಪ್ರಾಂತಗಳಾಗಿ ಹರಡಿತ್ತೆಂದು ಗ್ರಂಥದ ಆರಂಭದಲ್ಲಿಯೇ ಹೇಳಿದೆ. ಹೋದ್ದುವೆಂದರೆ ನಮ್ಮ ದೇಶ; ಸಿಂಧುವು ಪಾರಸಿಕರ ಬಾಯಿಯಲ್ಲಿ ಹಿಂದುವಾಗಿ, ಹೀಬ್ರೂ ಭಾಷೆಯಲ್ಲಿ ಹೋದ್ದುವಾಯಿತು. ಇದನ್ನು ಕೇಳಿ ನಮ್ಮೊಳಗಿನ ವೈಯಾಕರಣನಿಗೆ ಎಷ್ಟು ಹರ್ಷವಾಯಿತೆಂದರೆ, ಹಿಟ್ಟನ್ನು ಜರಡಿಯಾಡುತ್ತಿದ್ದ ಮನೆಯಾಕೆಗೆ ಅದನ್ನು ಮೂರು ಬಾರಿ ವಿವರಿಸಿದೆವು.

ಹಬ್ಬವು ಅವರ ಅದಾರ್ ಮಾಸದ ಚತುರ್ದಶಿಯಂದು. ನೀಸಾನ್ ಮಾಸದಿಂದ ಎಣಿಸಿದರೆ ಅದಾರವು ಹನ್ನೆರಡನೆಯದು, ನಮ್ಮ ಚೈತ್ರದಿಂದ ಫಾಲ್ಗುಣವಿದ್ದಂತೆ. ಅವರಲ್ಲಿಯೂ ಅಧಿಕಮಾಸವುಂಟು, ೧೯ ವರ್ಷಗಳಲ್ಲಿ ೭ ಸಲ. ಹೀಗಾಗಿ ಪೂರಿಮ್ ಹಬ್ಬವೂ ನಮ್ಮ ಹೋಳಿಯೂ ಅನೇಕ ವರ್ಷಗಳಲ್ಲಿ ನೆರೆಹೊರೆಯಲ್ಲಿಯೇ ಬೀಳುತ್ತವೆ. ೨೦೨೫ರಲ್ಲಿ ಎರಡೂ ಮಾರ್ಚಿ ೧೪ರಂದೇ ಬಂದವು. ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲಸಿದ್ದ ಬೆನೆ ಇಸ್ರೇಲ್ ಎಂಬ ಯೆಹೂದ್ಯರು ಪೂರಿಮ್ ಹಬ್ಬವನ್ನು ಮರಾಠಿಯಲ್ಲಿ ‘ಹೋಳೀಚಾ ಸಣ’ ಎಂದೇ ಕರೆಯುತ್ತಿದ್ದುದು ಇದರಿಂದ ಸಹಜವಾಗಿಯೇ ಇದೆ.

ಪೂರಿಮಿನ ತಿಂಡಿಗೆ ‘ಹಾಮಾನ್‌ತಾಷ್’ ಎಂದು ಹೆಸರು. ಕಣಕವನ್ನು ದುಂಡಗೆ ಲಟ್ಟಿಸಿ, ನಡುವೆ ಹೂರಣವಿಟ್ಟು, ಮೂರು ಕಡೆಯಿಂದ ಅಂಚನ್ನೆತ್ತಿ ತ್ರಿಕೋಣವಾಗಿ ಮಡಿಸಿ ಬೇಯಿಸುವ ಭಕ್ಷ್ಯವಿದು. ನಡುವೆ ಹೂರಣವು ಕಣ್ಣಿನಂತೆ ಇಣಿಕುತ್ತಿರುತ್ತದೆ. ಜರ್ಮನ್ ಭಾಷೆಯಲ್ಲಿ ಗಸಗಸೆಗೆ ‘ಮೋನ್’, ಚೀಲಕ್ಕೆ ‘ತಾಷೆ’ ಎನ್ನುತ್ತಾರೆ. ಗಸಗಸೆಯ ಚೀಲವೆಂಬ ಹೆಸರು ಹಬ್ಬದ ಸಹವಾಸದಿಂದ ಹಾಮಾನನ ಚೀಲವಾಯಿತೆಂದು ಬಲ್ಲವರ ಮತ. ಹೀಬ್ರೂವಿನಲ್ಲಿ ಇದನ್ನೇ ಹಾಮಾನನ ಕಿವಿಗಳೆನ್ನುತ್ತಾರೆ. ದುಷ್ಟನ ಕಿವಿಯನ್ನು ಕಡಿದು ತಿನ್ನುವುದರಲ್ಲಿ ಮಕ್ಕಳಿಗೆ ಆನಂದವಿರಬೇಕು. ಹೂರಣಕ್ಕೆ ಗಸಗಸೆಯೇ ಏಕೆ? ಎಸ್ತೇರಳು ಅರಮನೆಯಲ್ಲಿದ್ದರೂ ಅಲ್ಲಿನ ಅಡಿಗೆಯನ್ನು ಮುಟ್ಟದೆ, ಕಾಳುಬೀಜಗಳನ್ನು ತಿಂದು ತನ್ನ ನಿಯಮವನ್ನು ಉಳಿಸಿಕೊಂಡಳೆಂದು ಅವರಲ್ಲಿ ಐತಿಹ್ಯವಿದೆ. ಅದರ ನೆನಪಿಗೆ ಬೀಜದ ಹೂರಣ. ಬೊಹಿಮಿಯಾ ದೇಶದವರು ಒಣದ್ರಾಕ್ಷಿಗಿಂತ ಹುಳಿಯಾದ ಪ್ಲಮ್ ಹಣ್ಣಿನ ಪಾಕವನ್ನು ತುಂಬುತ್ತಾರೆ. ಅಲ್ಲಿ ಪ್ಲಮ್ ಪಾಕವನ್ನು ಮಾರುತ್ತಿದ್ದ ಡೇವಿಡ್ ಬ್ರಾಂಡೈಸ್ ಎಂಬ ಯೆಹೂದ್ಯ ವರ್ತಕನ ಮೇಲೆ ಪಾಕದಲ್ಲಿ ವಿಷವಿಟ್ಟನೆಂಬ ಅಪವಾದ ಬಂದು, ೧೭೩೧ರಲ್ಲಿ ಅವನು ನಿರ್ದೋಷಿಯಾಗಿ ಬಿಡುಗಡೆ ಹೊಂದಿದನು. ಅವನ ಕುಟುಂಬದವರು ಆ ದಿನವನ್ನೂ ಒಂದು ಪೂರಿಮ್ ಆಗಿ ಆಚರಿಸುತ್ತ ಬಂದರು.

ಇನ್ನು ಅಡಿಗೆಮನೆಗೆ ಬರೋಣ. ಅಮ್ಮನವರ ಮನೆಯಲ್ಲಿ ಹಾಲಿನ ಪಾತ್ರೆಗಳಿಗೆ ನೀಲಿಯ ಗುರುತು, ಮಾಂಸದವಕ್ಕೆ ಕೆಂಪಿನ ಗುರುತು. ಮೊದಲ ತೊಡಕು ನಮ್ಮಿಂದಲೇ ಬಂದಿತು. ಈ ತಿಂಡಿಯ ಕಣಕಕ್ಕೆ ಕೋಳಿಯ ಮೊಟ್ಟೆ ಹಾಕುವುದು ವಾಡಿಕೆ. ನಾವು ಮೊಟ್ಟೆ ತಿನ್ನುವವರಲ್ಲ. ಅದನ್ನು ಹೇಳಲು ಸಂಕೋಚಪಡುತ್ತಿರಲು ಅಮ್ಮನವರೇ, “ನಿಮ್ಮ ನಿಯಮವೇನು? ಮೊದಲು ಹೇಳಿ” ಎಂದು ಕೇಳಿದರು. ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, “ಸರಿ, ರುಗೆಲಾಖಿನ ಕಣಕವನ್ನು ಮಾಡೋಣ, ಅದಕ್ಕೆ ಮೊಟ್ಟೆ ಬೇಡ” ಎಂದರು. ರುಗೆಲಾಖ್ ಎಂಬುದು ಅವರ ಮತ್ತೊಂದು ಹೂರಣದ ತಿಂಡಿ. ದುಂಡು ಹಾಳೆಯನ್ನು ತ್ರಿಕೋಣದ ತುಂಡುಗಳಾಗಿ ಕೊಯ್ದು, ಹೂರಣ ಸವರಿ, ಅಗಲವಾದ ಕಡೆಯಿಂದ ತುದಿಯವರೆಗೆ ಸುರುಳಿ ಸುತ್ತಿ ಬೇಯಿಸುತ್ತಾರೆ. ಪೂರ್ವ ಯೂರೋಪಿನಿಂದ ವಲಸೆ ಬಂದವರು ಅಮೆರಿಕೆಯಲ್ಲಿ ದೊರೆತ ಕ್ರೀಮ್ ಚೀಸನ್ನು, ಎಂದರೆ ನೀರಿಳಿಸಿದ ಗಟ್ಟಿ ಮೊಸರಿನಂತಹ ಮೃದುವಾದ ಗಿಣ್ಣನ್ನು, ಅದರ ಕಣಕಕ್ಕೆ ಸೇರಿಸುವ ರೂಢಿಯನ್ನು ಬೆಳೆಸಿದರು.

ಅಳತೆ ಹೀಗೆ: ಮೈದಾ ಹಿಟ್ಟು ಎರಡು ಬಟ್ಟಲು, ತೂಕದಲ್ಲಿ ಸುಮಾರು ೨೫೦ ಗ್ರಾಂ, ಬೆಣ್ಣೆ ೨೨೫ ಗ್ರಾಂ, ಕ್ರೀಮ್ ಚೀಸು ೨೨೫ ಗ್ರಾಂ, ಎರಡು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಬೆಣ್ಣೆಯನ್ನೂ ಚೀಸನ್ನೂ ಕಡೆದು ಒಂದುಮಾಡಿ, ಹಿಟ್ಟನ್ನು ಸೇರಿಸಿ, ನಾದದೆ ಮೆಲ್ಲನೆ ಕೂಡಿಸಬೇಕು; ನಾದಿದರೆ ಗಡುಸಾಗುತ್ತದೆ. ಇದನ್ನು ಬಟ್ಟೆಯಂತೆ ಮಡಿಸಿ ಎರಡು ಗಂಟೆಯ ಕಾಲ ತಣ್ಣನೆಯ ಪೆಟ್ಟಿಗೆಯಲ್ಲಿ ಇಡಬೇಕು. ಹೂರಣಕ್ಕೆ ಗಸಗಸೆಯನ್ನು ಬೀಸಿ, ಹಾಲು, ಜೇನು, ನಿಂಬೆಯ ಸಿಪ್ಪೆಯ ತುರಿಗಳೊಡನೆ ಸೌಟು ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಕಾಯಿಸುವುದು. ಗಸಗಸೆಯ ಪರಿಮಳ ಏಳುತ್ತಲೇ ಮನೆಯಾಕೆ, “ಇದು ನಮ್ಮ ಕರಜಿಕಾಯಿಯದೇ ವಾಸನೆ!” ಎಂದು, ಸೆರಗಿನ ಗಂಟಿನಿಂದ ನಾಲ್ಕು ಏಲಕ್ಕಿಕಾಯಿಗಳನ್ನು ತೆಗೆದು ಅಮ್ಮನವರ ಮುಂದೆ ಹಿಡಿದಳು. ಅವರು ಕನ್ನಡಕವನ್ನು ಏರಿಸಿ, ಸಿಪ್ಪೆ ಬಿಡಿಸದ ಕಾಯಿಗಳನ್ನು ಪರೀಕ್ಷಿಸಿ, ಮೂಸಿ, ತಲೆಯಾಡಿಸಿದರು. ಏಲಕ್ಕಿಯೂ ಹೂರಣಕ್ಕೆ ಬಿದ್ದಿತು.

ಅಲ್ಲಿಂದಾಚೆಗೆ ದ್ವಿಭಾಷಿಗಳಾದ ನಮ್ಮ ಅವಶ್ಯಕತೆ ಯಾರಿಗೂ ಇರಲಿಲ್ಲ. ಅಮ್ಮನವರು ಬೆರಳಿನಿಂದ ದಪ್ಪವನ್ನು ತೋರಿಸುವರು. ಮನೆಯಾಕೆ ಲಟ್ಟಣಿಗೆಯನ್ನು ಮತ್ತೊಮ್ಮೆ ಆಡಿಸುವಳು. ಒಬ್ಬರು ಇಂಗ್ಲಿಷಿನಲ್ಲಿ ಮಾತನಾಡಿದರೆ ಇನ್ನೊಬ್ಬರು ಕನ್ನಡದಲ್ಲಿ ಉತ್ತರಿಸುವರು, ಇಬ್ಬರಿಗೂ ಅರ್ಥವಾಗುತ್ತಿತ್ತು. ಕಣಕವನ್ನು ಎರಡು ರೂಪಾಯಿ ನಾಣ್ಯದ ದಪ್ಪಕ್ಕಿಂತ ತುಸು ಹೆಚ್ಚಾಗಿ ಲಟ್ಟಿಸಿ, ಮೂರಂಗುಲ ಬಾಯಿಯ ಲೋಟದಿಂದ ದುಂಡುಗಳನ್ನು ಒತ್ತಿ ತೆಗೆದರು. ಮಡಿಸುವ ಕೆಲಸಕ್ಕೆ ನಮ್ಮನ್ನೂ ಕುಳ್ಳಿರಿಸಿದರು.

ಓವನ್ ಎಂಬ ಪೆಟ್ಟಿಗೆಯೊಲೆಯನ್ನು ಕಾಯಿಸುವ ಹೊತ್ತಾಯಿತು. ಉಪಕಾರಬುದ್ಧಿಯಿಂದ ನಾವೇ ಎದ್ದು ಅದರ ಗುಂಡಿಯನ್ನು ತಿರುಗಿಸಲು ಕೈಚಾಚಿದೆವು. “ಅದೊಂದನ್ನು ನನಗೆ ಬಿಡಿ” ಎಂದು ಅಮ್ಮನವರು ಮೆಲ್ಲನೆ ಎದ್ದು ಬಂದು ತಾವೇ ಬೆಂಕಿಯನ್ನು ಹೊತ್ತಿಸಿದರು. ಅಡಿಗೆಯನ್ನು ಅನ್ಯರು ಮಾಡಿದರೂ ಬೆಂಕಿಯನ್ನು ಯೆಹೂದ್ಯರೇ ಹೊತ್ತಿಸಿದರೆ ಆ ಪಾಕದಲ್ಲಿ ಅವರೂ ಪಾಲುಗೊಂಡಂತಾಗುತ್ತದೆ, ಆಗ ತಿನ್ನಲು ಅಡ್ಡಿಯಿಲ್ಲವೆಂದು ಅವರ ಪಂಥದ ಶಾಸ್ತ್ರವಂತೆ. “ನೋಡಿ, ನಿಯಮವೂ ಉಳಿಯಿತು, ನೀವೂ ಉಳಿದಿರಿ” ಎಂದು ನಕ್ಕರು.

ಆ ನಗುವಿನ ಮುಂದೆ ನಮಗೆ ತಲೆಯೆತ್ತಲಾಗಲಿಲ್ಲ. ಕಾರಣವನ್ನು ಹೇಳುತ್ತೇವೆ.

೧೯೯೨ನೆಯ ಇಸವಿಯಲ್ಲಿ ನಾವು ಮಲೆನಾಡಿನ ಅಂಚಿನ ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆವು. ಚಿತ್ರಕಲೆಯ ಮೇಷ್ಟ್ರಾಗಿದ್ದ ಮುಸಲ್ಮಾನ ಸಾಹೇಬರೊಬ್ಬರು ನಮಗೆ ಆಪ್ತಸ್ನೇಹಿತರು. ಪ್ರತಿವರ್ಷವೂ ರಂಜಾನ್ ಹಬ್ಬದ ದಿನ ಅವರ ಮಗ ಸ್ಟೀಲಿನ ಡಬ್ಬಿಯಲ್ಲಿ ಶೀರ್ ಖುರ್ಮಾವನ್ನು ತಂದುಕೊಡುತ್ತಿದ್ದನು. ನಾವು ನಗುನಗುತ್ತ ತೆಗೆದುಕೊಳ್ಳುತ್ತಿದ್ದೆವು. ಅವನು ಬೀದಿಯ ತಿರುವನ್ನು ದಾಟಿದ ಮೇಲೆ ಹಿತ್ತಲಿಗೆ ಹೋಗಿ ಹಸುವಿನ ಬಾನಿಗೆ ಸುರಿಯುತ್ತಿದ್ದೆವು. ಮರುದಿನ ಶಾಲೆಯಲ್ಲಿ, “ಬಹಳ ಸೊಗಸಾಗಿತ್ತು, ಸಾಹೇಬರೇ” ಎನ್ನುತ್ತಿದ್ದೆವು. ತರಗತಿಯಲ್ಲಿ ಸತ್ಯವನ್ನು ಕುರಿತ ಶ್ಲೋಕಗಳಿಗೆ ಅನ್ವಯ ಹೇಳುತ್ತಿದ್ದವರೂ ನಾವೇ. ಆ ವರ್ಷ ಹುಡುಗನು ಡಬ್ಬಿಯನ್ನು ಒಡನೆಯೇ ಹಿಂದಕ್ಕೆ ತರಬೇಕೆಂದು ತಾಯಿ ಹೇಳಿದ್ದನ್ನು ಮರೆತು, ನೆನಪಾಗಿ ಓಡಿ ಬಂದು, ಹಿತ್ತಲ ಬಾಗಿಲಲ್ಲಿ ನಿಂತನು. ಬಾನಿಯ ಮೇಲೆ ಬಗ್ಗಿದ್ದ ನಮ್ಮನ್ನು ಕಂಡನು. ಹತ್ತು ವರ್ಷದ ಮಗು; ಏನನ್ನೂ ಆಡಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು ಹೋದನು. ಮರುವರ್ಷ ರಂಜಾನಿಗೆ ಖುರ್ಮಾ ಬರಲಿಲ್ಲ. ಒಂದು ಚಿಪ್ಪು ಬಾಳೆಯ ಹಣ್ಣು ಬಂದಿತು. ಅಲ್ಲಿಂದ ಮುಂದೆ ಪ್ರತಿವರ್ಷವೂ ಬಾಳೆಯ ಹಣ್ಣೇ. ಸಾಹೇಬರು ಒಂದು ಮಾತನ್ನೂ ಆಡಲಿಲ್ಲ. ನಾವೂ ಆಡಲಿಲ್ಲ. ಎಲ್ಲವನ್ನೂ ಬಲ್ಲ ಮನೆಯಾಕೆ ಒಮ್ಮೆ ಮಾತ್ರ, “ಆಗುವುದಿಲ್ಲವೆಂದು ಮುಖದ ಮುಂದೆ ಹೇಳಿದ್ದರೆ ಆಗುತ್ತಿತ್ತು” ಎಂದಿದ್ದಳು.

ನಿಯಮವಿರುವುದು ತಪ್ಪಲ್ಲ. ಅಮ್ಮನವರ ನಿಯಮ ನಮ್ಮದಕ್ಕಿಂತ ನೂರು ಪಾಲು ಬಿಗಿ. ಆದರೆ ಅವರು ಅದನ್ನು ನಮ್ಮ ಮುಂದೆ ಹೇಳಿ ತಟ್ಟೆಯನ್ನು ಹಿಂದಿರುಗಿಸಿದರು. ಬಳಿಕ ಎರಡು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ದಾರಿಯೊಂದನ್ನು ಹುಡುಕಿದರು. ನಾವು ಸ್ನೇಹಿತನ ತಟ್ಟೆಯನ್ನು ನಗುತ್ತ ತೆಗೆದುಕೊಂಡು ಕದ್ದು ಚೆಲ್ಲಿದೆವು. ಕಾಪಾಡಿದ್ದು ಆಚಾರವನ್ನೆಂದು ಭಾವಿಸಿದ್ದೆವು. ಕಾಪಾಡಿಕೊಂಡದ್ದು ನಮ್ಮ ಮುಖವನ್ನು ಮಾತ್ರ.

ಈ ಚಿಂತೆಯಲ್ಲಿದ್ದಾಗಲೇ ಓವನ್ನಿನ ಗಂಟೆ ಬಾರಿಸಿತು. ೧೮೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಇಪ್ಪತ್ತು ನಿಮಿಷ ಬೆಂದ ಮೊದಲ ತಟ್ಟೆ ಹೊರಗೆ ಬಂದಿತು. ಮನೆಯಾಕೆ ಮಡಿಸಿದವು ಹೊಂಬಣ್ಣದ ತ್ರಿಕೋಣಗಳಾಗಿ ನಿಂತಿದ್ದವು. ನಾವು ಮಡಿಸಿದ ಎಂಟರಲ್ಲಿ ಏಳು ಬಾಯಿಬಿಟ್ಟು ಮಲಗಿ, ಹೂರಣವು ಹೊರಕ್ಕೆ ಹರಿದು ಕರಿಕಾಗಿದ್ದಿತು. ಅಮ್ಮನವರು ಶಾಲೆಯ ಉಪಾಧ್ಯಾಯಿನಿಯಂತೆಯೇ ಒಂದೊಂದು ತಪ್ಪನ್ನೂ ಎತ್ತಿ ತೋರಿಸಿದರು. ಆಸೆಪಟ್ಟು ಎರಡು ಚಮಚ ಹೂರಣವನ್ನು ತುಂಬಿದ್ದೆವು, ಒಂದು ಚಮಚ ಸಾಕು. ಯೋಚಿಸುತ್ತ ಕೈಯಲ್ಲಿ ಹಿಡಿದುಕೊಂಡೇ ಇದ್ದುದರಿಂದ ಕಣಕವು ಬೆಚ್ಚಗಾಗಿತ್ತು. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿದರೆ ಮೂಲೆಗಳು ಜಾರುತ್ತವೆ. ಮೂಲೆಗಳನ್ನು ಮೇಲೆ ಮೇಲೆ ಒತ್ತಿದ್ದೆವು. ಒಂದು ಅಂಚು ಇನ್ನೊಂದರ ಅಡಿಗೆ ಸೇರಿಕೊಂಡು, ಚಿವುಟಿದ ಜಾಗದಲ್ಲಿ ಗೆರೆ ಕಾಣದಂತಾಗಬೇಕು. ಮಡಿಸಿದ ಮೇಲೆ ಮತ್ತೆ ಕಾಲು ಗಂಟೆ ತಣ್ಣಗಿಟ್ಟು ಆಮೇಲೆ ಒಲೆಗೆ ಹಾಕಬೇಕು. ಎರಡನೆಯ ತಟ್ಟೆಯಲ್ಲಿ ನಮ್ಮ ಎಂಟರಲ್ಲಿ ಐದು ನಿಂತವು. ಮೇಲೆ ಮೊಟ್ಟೆಯ ಬದಲು ಹಾಲನ್ನು ಸವರಿದ್ದೆವು, ಬಣ್ಣಕ್ಕೆ ಕೊರತೆಯಾಗಲಿಲ್ಲ.

ಪೂರಿಮಿನ ದಿನ ಸ್ನೇಹಿತರಲ್ಲಿ ಒಬ್ಬರಿಗಾದರೂ ಎರಡು ಬಗೆಯ ಸಿದ್ಧ ಆಹಾರವನ್ನು ಕಳುಹಿಸಬೇಕು. ಬಡವರಿಬ್ಬರಿಗಾದರೂ ದಾನ ಕೊಡಬೇಕು. ಇದು ಅವರಲ್ಲಿ ವಿಧಿ. ಮಾರ್ಚಿ ೧೪ನೆಯ ಶುಕ್ರವಾರ ವೇಷ ತೊಟ್ಟ ಮಕ್ಕಳು ಬೀದಿಯುದ್ದಕ್ಕೂ ತಟ್ಟೆಗಳನ್ನು ಹೊತ್ತು ಓಡಾಡಿದರು. ನಮ್ಮ ಕಣ್ಣಿಗೆ ಸಂಕ್ರಾಂತಿಯ ಸಂಜೆಯೇ ಕಟ್ಟಿತು. ಅಮ್ಮನವರು ಪೊಟ್ಟಣಗಳಿಗೆಲ್ಲ ‘ಹಾಲಿನದು’ ಎಂದು ಚೀಟಿ ಅಂಟಿಸಿದ್ದರು, ಮಾಂಸದ ಊಟದೊಡನೆ ಯಾರೂ ತಿನ್ನದಿರಲೆಂದು. ನಮ್ಮ ಬಾಗಿಲಿಗೆ ತಾವೇ ಬಂದು ಪೊಟ್ಟಣವೊಂದನ್ನು ಕೊಟ್ಟು, ನಮ್ಮೆದುರಿಗೇ ಒಂದು ತಿಂಡಿಯನ್ನು ಕಡಿದು, “ಏಲಕ್ಕಿ ಇನ್ನು ಮುಂದೆ ನಮ್ಮ ಮನೆಯದು” ಎಂದರು.

ಜುಲೈ ತಿಂಗಳಲ್ಲಿ ಮೈಸೂರಿಗೆ ಹಿಂದಿರುಗಿದೆವು. ಮನೆಯಾಕೆ ಕ್ರೀಮ್ ಚೀಸಿಗೆ ಬದಲಾಗಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೀರಿಳಿಸಿದ ಮೊಸರನ್ನು ಹಾಕಿ ಕಣಕ ಮಾಡಿದಳು, ಹೂರಣಕ್ಕೆ ಗಸಗಸೆಯೊಡನೆ ಕೊಬ್ಬರಿ ಸೇರಿತು, ಮಡಿಸಿದವರು ನಾವು. ಸಣ್ಣದೊಂದು ವಿದ್ಯುತ್ತಿನ ಓವನ್ನಿನಲ್ಲಿ ಬೇಯಿಸಿ, ಡಬ್ಬಿಗೆ ತುಂಬಿ, ಬಸ್ಸು ಹಿಡಿದು ಇಬ್ಬರೂ ಆ ಹಳೆಯ ಊರಿಗೆ ಹೋದೆವು. ಸಾಹೇಬರೂ ನಿವೃತ್ತರಾಗಿ ಮನೆಯಲ್ಲಿದ್ದರು. ಡಬ್ಬಿಯನ್ನು ಮುಂದಿಟ್ಟೆವು. ಅವರು ಇದರೊಳಗೆ ಏನಿದೆ, ಯಾರು ಮಾಡಿದರು ಎಂದು ಒಂದನ್ನೂ ಕೇಳದೆ ಎತ್ತಿ ತಿಂದರು. ಅದನ್ನು ಕಂಡು ನಮಗೆ ಮಾತು ಹೊರಡುವುದು ಕಷ್ಟವಾಯಿತು. ಹೊರಡಿಸಿ, ಹಸುವಿನ ಬಾನಿಯ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆವು.

“ಮಗ ಅಂದೇ ಬಂದು ಹೇಳಿದ್ದ, ಪಂಡಿತರೇ” ಎಂದರು ಅವರು. “ಅವರು ಮಡಿ ಇರುವ ಜನ, ಕೇಳದೆ ಕಳುಹಿಸಿದ್ದು ನಮ್ಮದೇ ತಪ್ಪು ಅಂತ ಅವನಿಗೆ ಸಮಾಧಾನ ಹೇಳಿದೆ. ಆದರೆ ನೀವು ಮರುದಿನ ಸೊಗಸಾಗಿತ್ತು ಅಂದಿರಲ್ಲ, ಆಗ ಮಾತ್ರ ಸ್ವಲ್ಪ ನೊಂದೆ.”

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಸಾಹೇಬರು ಇನ್ನೊಂದು ತ್ರಿಕೋಣವನ್ನು ಎತ್ತಿಕೊಂಡು, “ಈಗ ಕೇಳಿಯೇ ಬಿಡುತ್ತೇನೆ. ಮುಂದಿನ ರಂಜಾನಿಗೆ ಏನು ಕಳುಹಿಸಲಿ, ಹಣ್ಣೋ, ಖುರ್ಮಾವೋ?” ಎಂದರು.

ನಾವು ಬಾಯಿ ತೆರೆಯುವುದಕ್ಕೆ ಮುಂಚೆಯೇ ಮನೆಯಾಕೆ ಉತ್ತರಿಸಿದಳು: “ಏನನ್ನೂ ಕಳುಹಿಸಬೇಡಿ, ಸಾಹೇಬರೇ. ಎರಡು ತಟ್ಟೆ ಹಾಕಿಡಿ. ನಾವೇ ಬರುತ್ತೇವೆ.”